ಮಗ ಲೂಥರನ್ ಫ್ರಟರ್ನಿಟಿ ಸೇರುತ್ತೇನೆ ಅನ್ನುತ್ತಿದ್ದಾನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿಡ್‌ವೆಸ್ಟ್ ಕಡೆಯ ಒಂದು ಕಾಲೇಜು ಊರಿಗೆ ನಾವು ಬಂದು ಹತ್ತೊಂಬತ್ತು ವರ್ಷವಾಯಿತು. ನಮ್ಮ ಹಿಂದಿನ ಬೀದಿಯುದ್ದಕ್ಕೂ ಬಾಗಿಲ ಮೇಲೆ ಗ್ರೀಕ್ ಅಕ್ಷರ ಹೊತ್ತ ದೊಡ್ಡ ಮನೆಗಳು. ಅವುಗಳಲ್ಲಿ ಒಂದು ಲೂಥರನ್ ಹುಡುಗರದು, ಅಂದರೆ ಮಾರ್ಟಿನ್ ಲೂಥರನ ದಾರಿ ಹಿಡಿದ ಪ್ರೊಟೆಸ್ಟೆಂಟ್ ಕ್ರೈಸ್ತರದು. ಕನ್ನಡ ಕೂಟದಲ್ಲಿ ಯಾರದಾದರೂ ಮಗ ಕಾಲೇಜಿಗೆ ಹೊರಟ ಅಂದರೆ ಸಾಕು, ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ಯಾರಾದರೂ ಬಂದು ಪಕ್ಕದಲ್ಲಿ ಕೂರುತ್ತಾರೆ. "ಈ ಫ್ರಟರ್ನಿಟಿ ಅಂದರೆ ಏನ್ರೀ?" ನಮ್ಮದು ಮಂಗಳೂರಿನ ಬಾಸೆಲ್ ಮಿಶನ್ ಕಡೆಯ ಕ್ರೈಸ್ತ ಮನೆತನ ಎನ್ನುವುದು ಎಲ್ಲರಿಗೂ ಗೊತ್ತಿರುವುದರಿಂದ ಲೂಥರನ್ ಮನೆಯ ವಿಚಾರವೆಲ್ಲ ನನ್ನ ಪಾಲಿಗೇ ಬರುತ್ತದೆ. ಹೇಳಿದ್ದನ್ನೇ ಎಷ್ಟು ಸಲ ಹೇಳುವುದು ಅಂತ ಬರೆದಿಟ್ಟೆ.

ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಮನೆಮಂದಿಗಾಗಿ ಬರೆದ ಚಿಕ್ಕ ಪ್ರಶ್ನೋತ್ತರದ ಧಾಟಿಯೂ ಇದೇ: ಒಂದು ಆಜ್ಞೆ, ಅದರ ಕೆಳಗೆ "ಇದರ ಅರ್ಥವೇನು?", ಅದರ ಕೆಳಗೆ ಉತ್ತರ.

ಫ್ರಟರ್ನಿಟಿ ಅಂದರೆ ಹಾಸ್ಟೆಲ್ಲೋ, ಸಂಘವೋ?

ಎರಡೂ. ಸೋದರರ ಕೂಟ ಅಂತ ಪದದ ಅರ್ಥ. ಒಂದು ಕ್ಯಾಂಪಸ್ಸಿನ ಶಾಖೆಗೆ ಚಾಪ್ಟರ್ ಅನ್ನುತ್ತಾರೆ, ಅವರು ಇರುವ ಮನೆಗೆ ಚಾಪ್ಟರ್ ಹೌಸ್. ಗ್ರೀಕ್ ಅಕ್ಷರದ ಹೆಸರಿಟ್ಟುಕೊಳ್ಳುವ ಚಾಳಿ ಶುರುವಾದದ್ದು 1776ರಲ್ಲಿ, ವಿಲಿಯಂ ಆಂಡ್ ಮೇರಿ ಕಾಲೇಜಿನ ಫೈ ಬೀಟಾ ಕಪ್ಪಾದಿಂದ. ಈಗ ಅದು ಓದಿನಲ್ಲಿ ಮುಂದಿರುವವರನ್ನು ಗೌರವಿಸುವ ಸಂಸ್ಥೆ. ಒಟ್ಟಿಗೆ ಬೆರೆತು ಬಾಳುವ ಬಗೆಯ ಫ್ರಟರ್ನಿಟಿ 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಹುಟ್ಟಿತು.

ಧಾರವಾಡದಲ್ಲೋ ಬೆಂಗಳೂರಲ್ಲೋ ಸಮುದಾಯದ ಹಾಸ್ಟೆಲಿನಲ್ಲಿದ್ದು ಓದಿದ ಹಿರಿಯರಿಗೆ ಇದು ಬೇಗ ತಲೆಗೆ ಹತ್ತುತ್ತದೆ. ಅವರು ಬೆಚ್ಚುವುದು ಒಂದೇ ಕಡೆ: ಇಲ್ಲಿ ವಾರ್ಡನ್ ಇಲ್ಲ. ಅಧ್ಯಕ್ಷ, ಖಜಾಂಚಿ, ಅಡುಗೆಮನೆ ನೋಡಿಕೊಳ್ಳುವವನು, ಎಲ್ಲರೂ ಹುಡುಗರೇ, ಹುಡುಗರೇ ಆರಿಸಿದವರು. ಕಟ್ಟಡ ಮಾತ್ರ ಸಾಮಾನ್ಯವಾಗಿ ಹಳೆಯ ವಿದ್ಯಾರ್ಥಿಗಳ ಒಂದು ಮಂಡಳಿಯ ಹೆಸರಿನಲ್ಲಿರುತ್ತದೆ.

ಅದರಲ್ಲಿ ಲೂಥರನ್ ಅನ್ನುವುದು ಎಲ್ಲಿಂದ ಬಂತು?

ಮೊದಲಿನ ಫ್ರಟರ್ನಿಟಿಗಳು ಹೆಚ್ಚುಕಡಿಮೆ ಒಂದೇ ವರ್ಗದ ಹುಡುಗರಿಗೆ ಮೀಸಲಾಗಿದ್ದವು. ಬಾಗಿಲು ತೆರೆಯದಿದ್ದಾಗ ಹೊರಗಿದ್ದವರು ತಮ್ಮ ಮನೆ ತಾವೇ ಕಟ್ಟಿಕೊಂಡರು. 1889ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಕ್ಯಾಥೊಲಿಕ್ ಹುಡುಗರು ಫೈ ಕಪ್ಪಾ ಕಟ್ಟಿದರು. 1898ರಲ್ಲಿ ನ್ಯೂಯಾರ್ಕಿನ ಯೆಹೂದಿ ವಿದ್ಯಾರ್ಥಿಗಳಿಂದ ಜೀಟಾ ಬೀಟಾ ಟಾವ್ ಬಂತು. 1906ರಲ್ಲಿ ಕಾರ್ನೆಲ್‌ನಲ್ಲಿ ಕಪ್ಪು ವಿದ್ಯಾರ್ಥಿಗಳ ಆಲ್ಫಾ ಫೈ ಆಲ್ಫಾ. ಈ ಸಾಲಿನಲ್ಲಿ ಸ್ವಲ್ಪ ತಡವಾಗಿ ಬಂದದ್ದು ಬೀಟಾ ಸಿಗ್ಮಾ ಸೈ. ತನ್ನನ್ನು ರಾಷ್ಟ್ರೀಯ ಲೂಥರನ್ ಫ್ರಟರ್ನಿಟಿ ಎಂದು ಕರೆದುಕೊಳ್ಳುತ್ತದೆ. ಈ ಪುಟದಲ್ಲಿ ಲೂಥರನ್ ಫ್ರಟರ್ನಿಟಿ ಅಂದಲ್ಲೆಲ್ಲ ನನ್ನ ಮನಸ್ಸಿನಲ್ಲಿರುವುದು ಅದೇ.

ಅದು ಹುಟ್ಟಿದ್ದು ಯಾವಾಗ, ಯಾಕೆ?

1925ರ ಏಪ್ರಿಲ್ 17, ಇಲಿನಾಯ್ ವಿಶ್ವವಿದ್ಯಾಲಯ, ಅರ್ಬಾನಾ-ಶಾಂಪೇನ್. ಅದಕ್ಕೆ ಕೆಲವು ವರ್ಷ ಮೊದಲೇ ಅಲ್ಲಿ ಲೂಥರನ್ ವಿದ್ಯಾರ್ಥಿಗಳ ಪಾದ್ರಿಯಾಗಿದ್ದ ಸ್ಟೀಗೆಮೆಯರ್ ಹುಡುಗರನ್ನು ಒಟ್ಟುಗೂಡಿಸಿದ್ದರು. ಹಳ್ಳಿಯಿಂದ ಬಂದ ಹುಡುಗನಿಗೆ ತನ್ನ ಸಭೆಯ, ಅಂದರೆ ಚರ್ಚಿನ, ಪರಿಚಯದ ಮುಖಗಳು ಬೇಕು, ಓದಲು ಶಾಂತ ಜಾಗ ಬೇಕು, ಕೈಗೆಟಕುವ ಊಟ ವಸತಿ ಬೇಕು. ಶುರುವಾದದ್ದು ಇಷ್ಟಕ್ಕೇ. ಆ ಕ್ಯಾಂಪಸ್ಸಿನ ಗಾಳಿಯೂ ಫ್ರಟರ್ನಿಟಿಗಳ ಪರವಾಗಿತ್ತು. ಗಂಡು ವಿದ್ಯಾರ್ಥಿಗಳ ಉಸ್ತುವಾರಿಯ ಡೀನ್ ಆಫ್ ಮೆನ್ ಹುದ್ದೆಯಲ್ಲಿದ್ದ ಥಾಮಸ್ ಆರ್ಕಲ್ ಕ್ಲಾರ್ಕ್ ಇಂಥ ಮನೆಗಳನ್ನು ಗಟ್ಟಿಯಾಗಿ ಬೆಂಬಲಿಸಿದವರು.

"ಯಾಕೆ" ಅನ್ನುವುದಕ್ಕೆ ಇನ್ನೂ ಒಂದು ಉತ್ತರವಿದೆ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಈ ಹುಡುಗರಲ್ಲಿ ಹೆಚ್ಚಿನವರು ಜರ್ಮನ್ ವಲಸೆಗಾರರ ಮಕ್ಕಳು, ಮೊಮ್ಮಕ್ಕಳು. ಅವರಲ್ಲಿ ಬಹಳ ಮಂದಿಯ ಸಭೆ ಮಿಸ್ಸೌರಿ ಸಿನಡ್ ಎಂಬ ಲೂಥರನ್ ಚರ್ಚುಗಳ ಒಕ್ಕೂಟಕ್ಕೆ ಸೇರಿದ್ದು. 1838-39ರಲ್ಲಿ ಸ್ಯಾಕ್ಸನಿಯಿಂದ ಹಡಗು ಹತ್ತಿ ಮಿಸ್ಸೌರಿಗೆ ಬಂದು ನೆಲೆಸಿದವರೂ ಇತರ ಜರ್ಮನ್ ಲೂಥರನ್ನರೂ ಕೂಡಿ 1847ರಲ್ಲಿ ಶಿಕಾಗೋದಲ್ಲಿ ಕಟ್ಟಿದ ಸಂಸ್ಥೆ ಅದು. ಮನೆಯಲ್ಲಿ ಜರ್ಮನ್, ದೇವಾಲಯದಲ್ಲಿ ಜರ್ಮನ್, ಸಭೆಯ ಶಾಲೆಯಲ್ಲೂ ಜರ್ಮನ್. ಮೊದಲನೇ ಮಹಾಯುದ್ಧದಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿದಾಗ ಇದೆಲ್ಲ ಒಂದೇ ರಾತ್ರಿಗೆ ಅಪರಾಧದಂತಾಯಿತು. ಸಿನಡ್ 1917ರಲ್ಲಿ ತನ್ನ ಹೆಸರಿನಿಂದಲೇ "ಜರ್ಮನ್" ಪದ ಕಿತ್ತುಹಾಕಿತು. 1918ರ ಏಪ್ರಿಲ್‌ನಲ್ಲಿ ಇಲಿನಾಯ್‌ನ ಕಾಲಿನ್ಸ್‌ವಿಲ್ ಊರಲ್ಲಿ ಜರ್ಮನಿಯಿಂದ ಬಂದ ಒಬ್ಬ ಗಣಿ ಕೆಲಸಗಾರನನ್ನು ಜನರ ಗುಂಪು ಮರಕ್ಕೆ ನೇಣುಹಾಕಿತು. ಅದೇ ವರ್ಷ ಐಯೊವಾದ ಗವರ್ನರ್ ಸಾರ್ವಜನಿಕ ಸ್ಥಳದಲ್ಲೂ ಫೋನಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದು ಎಂದು ಘೋಷಣೆ ಹೊರಡಿಸಿದರು. ನೆಬ್ರಾಸ್ಕಾ 1919ರಲ್ಲಿ ಎಂಟನೇ ತರಗತಿ ಮುಗಿಸದ ಮಕ್ಕಳಿಗೆ ಪರಭಾಷೆ ಕಲಿಸುವುದನ್ನೇ ನಿಷೇಧಿಸಿತು. ಅಲ್ಲಿನ ಒಂದು ಲೂಥರನ್ ಶಾಲೆಯ ಮೇಷ್ಟ್ರು ರಾಬರ್ಟ್ ಮೇಯರ್ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಬೈಬಲ್ ಕತೆ ಓದಿಸಿದರು ಅಂತ 25 ಡಾಲರ್ ದಂಡ ಬಿತ್ತು. ಅವರ ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿ, 1923ರಲ್ಲಿ ಕಾನೂನು ಬಿದ್ದುಹೋಯಿತು.

ಎರಡು ವರ್ಷದ ನಂತರ ಅರ್ಬಾನಾದ ಹುಡುಗರು ಅಮೆರಿಕದ್ದೇ ಆದ ಒಂದು ರೂಪ, ಅಂದರೆ ಗ್ರೀಕ್ ಅಕ್ಷರದ ಫ್ರಟರ್ನಿಟಿ, ಅದನ್ನು ಎತ್ತಿಕೊಂಡು ಒಳಗೆ ತಮ್ಮ ಲೂಥರನ್ ಬದುಕನ್ನು ಇಟ್ಟುಕೊಂಡರು. ಅಂಗಿ ಅಮೆರಿಕದ್ದು, ಒಳಗಿನ ಜೀವ ಮನೆಯದು. ಅವರಲ್ಲಿ ಯಾರೂ ಹೀಗೆಂದು ಬರೆದಿಟ್ಟದ್ದನ್ನು ನಾನು ಓದಿಲ್ಲ, ಇದು ನನ್ನ ಓದಿನ ಊಹೆ. ಆದರೆ ಮನೆಯಲ್ಲಿ ಕನ್ನಡ ಆಡಿ ಹೊರಗೆ ದನಿ ಬದಲಿಸುವ ನಮ್ಮ ಮಕ್ಕಳನ್ನು ನೋಡಿದಾಗ ಈ ಊಹೆ ಗಟ್ಟಿಯಾಗುತ್ತದೆ.

ದೊಡ್ಡ ಹೆಸರಿನ ಹಳೆಯ ಕಾಲೇಜುಗಳಲ್ಲಿ ಇದರ ಸುಳಿವೇ ಇಲ್ಲವಲ್ಲ?

ಶಾಖೆ ಕಟ್ಟಿದ ಊರುಗಳನ್ನು ನೋಡಿ: ಇಲಿನಾಯ್, ಪರ್ಡ್ಯೂ, ನೆಬ್ರಾಸ್ಕಾ, ಕ್ಯಾನ್ಸಸ್ ಸ್ಟೇಟ್, ಐಯೊವಾ ಸ್ಟೇಟ್, ಮಿಸ್ಸೌರಿಯ ರೋಲಾ. ಎಲ್ಲವೂ 1862ರ ಮಾರಿಲ್ ಕಾಯಿದೆಯ ನೆರವು ಪಡೆದವು. ಸರ್ಕಾರಿ ಜಮೀನು ಮಾರಿ ಬಂದ ಹಣದಲ್ಲಿ ಬೇಸಾಯ, ಇಂಜಿನಿಯರಿಂಗ್ ಕಲಿಸಲೆಂದು ನಿಂತ ಕಾಲೇಜುಗಳು. ಜೋಳ ಬೆಳೆಯುವ ಮನೆಯ ಹುಡುಗ ಬರುತ್ತಿದ್ದದ್ದು ಅಲ್ಲಿಗೇ. ಹಾರ್ವರ್ಡ್‌ನಲ್ಲಿ ಅವನಿಗೇನು ಕೆಲಸ?

ದಿನಾ ಪ್ರಾರ್ಥನೆ, ಬೈಬಲ್ ಪಾಠ ಇರುತ್ತದೆಯೇ? ಮಠದ ಹಾಗೆಯೇ?

ಮಠ ಅಂದುಕೊಂಡು ಹೋದರೆ ನಿರಾಶೆ, ಮೋಜಿನ ಮನೆ ಅಂದುಕೊಂಡು ಹೋದರೂ ನಿರಾಶೆ. ಊಟಕ್ಕೆ ಮುಂಚೆ ಪ್ರಾರ್ಥನೆ, ವಾರದಲ್ಲೊಮ್ಮೆ ಬೈಬಲ್ ಓದು, ಭಾನುವಾರ ಹತ್ತಿರದ ದೇವಾಲಯಕ್ಕೆ ಹೋಗುವವರು ಹೋಗುವುದು, ಆಗೊಮ್ಮೆ ಈಗೊಮ್ಮೆ ಕ್ಯಾಂಪಸ್ ಪಾದ್ರಿ ಬಂದು ಕಾಫಿ ಕುಡಿದು ಕೂರುವುದು. ಇಷ್ಟು. ಒಂದೊಂದು ಮನೆಯಲ್ಲಿ ಇದರ ಬಿಗಿ ಒಂದೊಂದು ತರ, ಅದೇ ಮನೆಯಲ್ಲೂ ನಾಲ್ಕು ವರ್ಷಕ್ಕೊಮ್ಮೆ ಬೇರೆ ತರ. ಹುಡುಗರು ಬದಲಾದಂತೆ ಮನೆ ಬದಲಾಗುತ್ತದೆ.

ಲೂಥರನ್ನರ ಧರ್ಮ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಹದಿನಾಲ್ಕು ವರ್ಷದ ಹೊತ್ತಿಗೆ ಚಿಕ್ಕ ಪ್ರಶ್ನೋತ್ತರ ಬಾಯಿಪಾಠ ಮಾಡಿ, ಸಭೆಯೆದುರು ನಿಂತು ತಮ್ಮ ನಂಬಿಕೆಯನ್ನು ಒಪ್ಪಿಕೊಳ್ಳುವ ದೃಢೀಕರಣದ ವಿಧಿ ಮುಗಿಸಿದವರು ಅವರು. ಆಮೇಲೆ ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಲೂಥರ್ ಹೇಳಿಕೊಟ್ಟ ಒಂದು ಮಾತು ಮಾತ್ರ ರಕ್ತದಲ್ಲಿ ಇಳಿದಿದೆ: ಪಾದ್ರಿಯ ಕೆಲಸ ಎಷ್ಟು ಪವಿತ್ರವೋ ಹಾಲು ಕರೆಯುವವಳ ಕೆಲಸವೂ ಅಷ್ಟೇ ಪವಿತ್ರ. ನಮ್ಮವರು ಕೂಡಲೇ "ಓ, ಕಾಯಕ!" ಅನ್ನುತ್ತಾರೆ. ಹತ್ತಿರದ್ದು ಹೌದು, ಒಂದೇ ಅಲ್ಲ. ಲೂಥರ್‌ಗೆ ಕೆಲಸದಿಂದ ಮುಕ್ತಿ ಸಿಗುವುದಿಲ್ಲ. ಮುಕ್ತಿ ಪುಕ್ಕಟೆ ಸಿಕ್ಕಾಗಿದೆ, ಇನ್ನು ಕೆಲಸ ಮಾಡುವುದು ಪಕ್ಕದವನಿಗೋಸ್ಕರ. ಪಾತ್ರೆ ತೊಳೆಯುವ ಸರದಿಯಲ್ಲಿ ಈ ದೇವಶಾಸ್ತ್ರ ಎಷ್ಟು ಮಟ್ಟಿಗೆ ಜಾರಿಯಲ್ಲಿದೆ ಎನ್ನುವುದು ಬೇರೆ ವಿಷಯ.

ಒಳಗೆ ಹೋಗಿ ನೋಡಿದ್ದೀರಾ? ಹೇಗಿರುತ್ತದೆ?

ಹಲವು ಸಲ. ಒಂದು ಸೋಮವಾರದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅವರ ಹುಲ್ಲು ಕತ್ತರಿಸುವ ಯಂತ್ರ ಕೆಟ್ಟಾಗ ನಮ್ಮದನ್ನು ಕೊಟ್ಟಿದ್ದೆ, ಅದರ ಋಣಕ್ಕೆ ಊಟಕ್ಕೆ ಕರೆದಿದ್ದರು. ಸೋಮವಾರ ಅವರಲ್ಲಿ ಶರ್ಟು-ಟೈ ಹಾಕಿಕೊಂಡು ಉಣ್ಣುವ ದಿನ, ಊಟವಾದ ಮೇಲೆ ಚಾಪ್ಟರ್ ಸಭೆ. ಟೈ ಎಲ್ಲ ಸಡಿಲ. ಒಬ್ಬನದಂತೂ ಕ್ಲಿಪ್ಪಿನದು. ಉದ್ದ ಮೇಜುಗಳು, ಹಲವು ತಲೆಮಾರಿನ ಮೊಣಕೈ ತಾಗಿ ಅಂಚು ನಯವಾಗಿತ್ತು. ಅಡುಗೆಯಾಕೆ ಬೇಯಿಸಿದ ಕೀಮಾದ ದಿಂಡು, ಹಿಸುಕಿದ ಆಲೂಗಡ್ಡೆ, ಹಸಿರು ಬೀನ್ಸ್ ಇಟ್ಟು ಮನೆಗೆ ಹೊರಟಿದ್ದರು. ಎಲ್ಲರೂ ಕುರ್ಚಿಯ ಹಿಂದೆ ನಿಂತರು. ಯೇಸುವೇ, ನಮ್ಮ ಮನೆಗೆ ಅತಿಥಿಯಾಗಿ ಬಾ ಎಂದು ಕರೆಯುವ ಎರಡು ಸಾಲಿನ ಪ್ರಾರ್ಥನೆ. ಲೂಥರನ್ ಮನೆಗಳಲ್ಲಿ ಮಗು ಮಾತು ಕಲಿಯುತ್ತಲೇ ಕಲಿಯುವಂಥದ್ದು. ಮೂವತ್ತೆಂಟು ಹುಡುಗರು ಒಂದೇ ಉಸಿರಿನಲ್ಲಿ ಅದನ್ನು ಹೇಳಿ ಮುಗಿಸಿದ ವೇಗಕ್ಕೆ ಅತಿಥಿ ಬಾಗಿಲ ತನಕ ಬಂದಿದ್ದರೂ ಒಳಗೆ ಬರಲು ಹೊತ್ತು ಸಾಲುತ್ತಿರಲಿಲ್ಲ. ಮೊದಲ ವರ್ಷದವನೊಬ್ಬ ಆಲೂಗಡ್ಡೆಯ ಬೋಗುಣಿಯನ್ನು ಎಡಕ್ಕೆ ದಾಟಿಸಿದ, ಮೇಜೆಲ್ಲ ಗೊಳ್ ಎಂದಿತು. ಅವರಲ್ಲಿ ಬೋಗುಣಿ ಹೋಗುವುದು ಬಲಕ್ಕೆ.

ಊಟದ ನಡುವೆ ಒಬ್ಬ ಎದ್ದು ಅಡುಗೆಮನೆಗೆ ಹೋಗಿ ನಾಲ್ಕು ತಟ್ಟೆಗೆ ಬಡಿಸಿ, ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ, ಹೆಸರು ಬರೆದು ಫ್ರಿಜ್ಜಿನಲ್ಲಿಟ್ಟ. ಏನೆಂದು ಕೇಳಿದೆ. "ಲೇಟ್ ಪ್ಲೇಟ್." ಸಂಜೆ ಲ್ಯಾಬ್ ಇದ್ದವರು, ಕೆಲಸಕ್ಕೆ ಹೋದವರು ಫ್ರಿಜ್ಜಿನ ಪಕ್ಕದ ಚೀಟಿಯಲ್ಲಿ ಹೆಸರು ಬರೆದು ಹೋಗಿರುತ್ತಾರೆ. ಬರೆಯಲು ಮರೆತರೂ ಕೆಲವರ ತಟ್ಟೆ ಇರುತ್ತದೆ, ಯಾಕೆಂದರೆ ಯಾರಿಗೋ ಅವರ ಟೈಮ್‌ಟೇಬಲ್ ಗೊತ್ತಿರುತ್ತದೆ.

ಫ್ರಟರ್ನಿಟಿ ಹುಡುಗನ ಬದುಕಿನಲ್ಲಿ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಕಣ್ಣಿಗೆ ಬರುವುದು ಆ ಹಾಳೆ ಮುಚ್ಚಿದ ತಟ್ಟೆ.

ಮಲಗುವುದು ಎಲ್ಲಿ?

ಇದನ್ನು ಕೇಳಿ ಅಮ್ಮಂದಿರು ಹೌಹಾರುತ್ತಾರೆ. ಮಿಡ್‌ವೆಸ್ಟಿನ ಹಳೆಯ ಫ್ರಟರ್ನಿಟಿ ಮನೆಗಳಲ್ಲಿ ಓದುವ ಕೋಣೆ ಬೇರೆ, ಮಲಗುವ ಹಜಾರ ಬೇರೆ. ಮೇಲಿನ ಮಹಡಿಯ ದೊಡ್ಡ ಹಜಾರದಲ್ಲಿ ಸಾಲಾಗಿ ಎರಡಂತಸ್ತಿನ ಮಂಚಗಳು, ದೀಪವಿಲ್ಲ, ಮಾತಿಲ್ಲ, ಚಳಿಗಾಲದಲ್ಲೂ ಕಿಟಕಿ ತೆರೆದೇ ಇರುತ್ತದೆ. ಕೋಲ್ಡ್ ಏರ್ ಎಂದು ಅದರ ಹೆಸರು. ಎಲ್ಲ ಮನೆಗಳಲ್ಲೂ ಈಗ ಇದು ಉಳಿದಿಲ್ಲ. ಇರುವ ಮನೆಯಾದರೆ ಒಳ್ಳೆಯ ರಜಾಯಿ ಕಳಿಸಿ.

ಸೇರಿಸಿಕೊಳ್ಳುವುದು ಹೇಗೆ?

ಸೆಮಿಸ್ಟರ್ ಶುರುವಿನಲ್ಲಿ ಮನೆಗಳು ಬಾಗಿಲು ತೆರೆದು ಹೊಸಬರನ್ನು ಕರೆಯುತ್ತವೆ. ಅದಕ್ಕೆ ರಷ್ ಅನ್ನುತ್ತಾರೆ. ಮೆಚ್ಚಿದವರಿಗೆ ಬಿಡ್ ಎಂಬ ಆಹ್ವಾನ. ಒಪ್ಪಿದರೆ ಕೆಲವು ವಾರ ಹೊಸ ಸದಸ್ಯ, ಆಗ ಮೇಲಿನ ವರ್ಷದವನೊಬ್ಬ ಅವನಿಗೆ ಅಣ್ಣನಾಗಿ ನಿಲ್ಲುತ್ತಾನೆ. ಕೊನೆಗೆ ದೀಕ್ಷೆಯ ವಿಧಿ. ಲೂಥರನ್ ಮನೆಗಳಿಗೆ ಹುಡುಗರು ಬರುವ ಇನ್ನೊಂದು ದಾರಿ ಊರಿನ ಪಾದ್ರಿಯ ಒಂದು ಫೋನು, ಅಥವಾ ಅದೇ ಮನೆಯಲ್ಲಿದ್ದ ಅಪ್ಪ, ಚಿಕ್ಕಪ್ಪ.

ಎಂ.ಎಸ್. ಓದಲು ಬಂದ ಭಾರತದ ಹುಡುಗರು ಕೇಳುತ್ತಾರೆ: ಇದು ಪದವಿ ಓದುವವರಿಗೆ, ನಿಮಗಲ್ಲ.

ರ‍್ಯಾಗಿಂಗ್ ಇದೆಯೇ?

ಇಲ್ಲಿ ಅದರ ಹೆಸರು ಹೇಜಿಂಗ್. ಅಮೆರಿಕದ ಫ್ರಟರ್ನಿಟಿಗಳಲ್ಲಿ ಹುಡುಗರು ಸತ್ತಿದ್ದಾರೆ, ಅದನ್ನು ಮೃದು ಮಾಡಿ ಹೇಳುವುದು ತಪ್ಪು. ಹೆಚ್ಚಿನ ಸಾವುಗಳ ಹಿಂದೆ ಇರುವುದು ಹೊಸಬನಿಗೆ ಬಲವಂತವಾಗಿ ಕುಡಿಸುವ ಮದ್ಯ. ಬಹುಪಾಲು ರಾಜ್ಯಗಳಲ್ಲಿ ಇದು ಅಪರಾಧ. 2024ರ ಡಿಸೆಂಬರಿನಲ್ಲಿ ಬಂದ ಕೇಂದ್ರದ ಕಾನೂನಿನ ಪ್ರಕಾರ ಕಾಲೇಜುಗಳು ಹೇಜಿಂಗ್ ಪ್ರಕರಣಗಳ ಲೆಕ್ಕವನ್ನೂ ತಪ್ಪಿತಸ್ಥ ಸಂಘಗಳ ಹೆಸರನ್ನೂ ಬಹಿರಂಗಪಡಿಸಬೇಕು. ಆ ವರದಿ ಓದಿ.

ಬಾಗಿಲ ಮೇಲೆ ಧರ್ಮದ ಹೆಸರಿದೆ ಎಂದು ನಂಬಿ ಸುಮ್ಮನಿರಬೇಡಿ. ನಮ್ಮೂರಲ್ಲೂ ಧರ್ಮದ ಹೆಸರಿನ ಹಾಸ್ಟೆಲಿನಲ್ಲಿ ಜೂನಿಯರ್‌ಗಳ ತಲೆ ಬೋಳಿಸಿದ ಕತೆ ಎಷ್ಟು ಕೇಳಿಲ್ಲ! ಮಗ ಫೋನಿನಲ್ಲಿ ನಿದ್ದೆಗೆಟ್ಟ ದನಿಯಲ್ಲಿ ಮಾತಾಡಿದರೆ, "ಅದು ಹೇಳುವ ಹಾಗಿಲ್ಲ ಅಮ್ಮ" ಅಂದರೆ, ವಿಚಾರಿಸಿ. ದೀಕ್ಷೆಯ ವಿಧಿ ಗುಟ್ಟಾಗಿರಬಹುದು. ಮೈಮೇಲೆ ನಡೆಯುವುದು ಯಾವುದೂ ಗುಟ್ಟಾಗಿರಬಾರದು.

ಕುಡಿತ?

ಲೂಥರನ್ನರು ಮದ್ಯವನ್ನು ಪಾಪವೆಂದು ಕಂಡವರಲ್ಲ. ಲೂಥರನ ಹೆಂಡತಿ ಕಾಥರೀನಾ ಫಾನ್ ಬೋರಾ ಮನೆಯಲ್ಲೇ ಬಿಯರ್ ಮಾಡುತ್ತಿದ್ದಳು. ಅಂದಹಾಗೆ ವಿಟೆನ್‌ಬರ್ಗಿನ ಅವರ ಮನೆ ಒಂದು ಕಾಲದ ಸನ್ಯಾಸಿಗಳ ಮಠ. ಆಕೆ ಅದನ್ನು ವಿದ್ಯಾರ್ಥಿಗಳಿಗೆ ಊಟ ವಸತಿ ಕೊಡುವ ಮನೆಯಾಗಿ ನಡೆಸಿದಳು. ಊಟದ ಮೇಜಿನಲ್ಲಿ ಲೂಥರ್ ಆಡಿದ ಮಾತನ್ನು ಹುಡುಗರು ಬರೆದುಕೊಳ್ಳುತ್ತಿದ್ದರು. ಲೂಥರನ್ ಹುಡುಗರ ಮನೆ ಎಂಬುದು 1925ಕ್ಕಿಂತ ನಾನೂರು ವರ್ಷ ಹಳೆಯದು ಅಂತ ನಾನು ತಮಾಷೆ ಮಾಡುವುದು ಇದಕ್ಕೇ.

ಇನ್ನು ಕಾನೂನು. 1984ರ ಕೇಂದ್ರ ಕಾಯಿದೆಯ ಒತ್ತಡದಿಂದ ಎಲ್ಲ ರಾಜ್ಯಗಳಲ್ಲೂ ಮದ್ಯದ ವಯಸ್ಸು 21. ಮನೆಯಲ್ಲಿರುವ ಅರ್ಧಕ್ಕಿಂತ ಹೆಚ್ಚು ಹುಡುಗರು ಅದಕ್ಕಿಂತ ಚಿಕ್ಕವರು. ಕೆಲವು ಮನೆಗಳು ಮದ್ಯ ಒಳಗೇ ಬಾರದಂತೆ ನಿಯಮ ಮಾಡಿಕೊಂಡಿವೆ. ಕೆಲವಲ್ಲಿ ನಿಯಮ ಗೋಡೆಯ ಮೇಲಿದೆ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಆ ಬೀದಿಯಲ್ಲಿ ಒಂದು ಸುತ್ತು ನಡೆದು ಬನ್ನಿ. ಬ್ರೋಶರ್ ಹೇಳದ್ದು ಕಿವಿಗೆ ಬೀಳುತ್ತದೆ.

ಓದು ಹಾಳಾಗುವುದಿಲ್ಲವೇ?

ಆಗಬಹುದು. ಹೊಸ ಸದಸ್ಯನಾಗಿರುವ ಸೆಮಿಸ್ಟರ್ ಅಪಾಯದ್ದು, ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಳ್ಳೆಯ ಮನೆಗಳಲ್ಲಿ ವಾರದ ರಾತ್ರಿ ಗಲಾಟೆ ಬಂದ್ ಮಾಡುವ ವೇಳೆ ಇರುತ್ತದೆ, ಮೊದಲ ವರ್ಷದವರು ಒಟ್ಟಿಗೆ ಕೂತು ಓದುವ ಕಡ್ಡಾಯವಿರುತ್ತದೆ. ಥರ್ಮೋಡೈನಮಿಕ್ಸ್ ಅರ್ಥವಾಗದಿದ್ದರೆ ಪಕ್ಕದ ಕೋಣೆಯಲ್ಲಿ ಹೋದ ವರ್ಷ ಪಾಸಾದವನಿದ್ದಾನೆ. ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಬ್ಬಿಣದ ಬೀರು ಇದ್ದೇ ಇರುತ್ತದೆ. ಪ್ರೊಫೆಸರುಗಳಿಗೂ ಅದು ಗೊತ್ತು, ಅದಕ್ಕೇ ಪ್ರಶ್ನೆ ಬದಲಿಸುತ್ತಾರೆ. ಎಷ್ಟೋ ವಿಶ್ವವಿದ್ಯಾಲಯಗಳು ಪ್ರತಿ ಸೆಮಿಸ್ಟರ್ ಒಂದೊಂದು ಚಾಪ್ಟರಿನ ಸರಾಸರಿ ಗ್ರೇಡನ್ನು ಪ್ರಕಟಿಸುತ್ತವೆ. ಹಿಂದಿನ ಆರು ಸೆಮಿಸ್ಟರ್ ನೋಡಿ, ಒಂದೇ ನೋಡಬೇಡಿ.

ಖರ್ಚು?

ಊಟ, ವಸತಿ, ಸದಸ್ಯತ್ವ, ರಾಷ್ಟ್ರೀಯ ಸಂಸ್ಥೆಯ ಪಾಲು, ವಿಮೆ, ಎಲ್ಲ ಸೇರಿದ ಒಂದು ಬಿಲ್ಲು. ವಿಶ್ವವಿದ್ಯಾಲಯದ ಹಾಸ್ಟೆಲಾದ ಡಾರ್ಮಿಗಿಂತ ಕೆಲವೆಡೆ ಕಡಿಮೆ, ಕೆಲವೆಡೆ ಹೆಚ್ಚು. ಸಹಿ ಹಾಕುವ ಕರಾರು ಎಷ್ಟು ವರ್ಷದ್ದು, ನಡುವೆ ಬಿಟ್ಟರೆ ಏನು ಎನ್ನುವುದನ್ನು ಓದದೆ ಸಹಿ ಬೇಡ.

ಕೊನೆಗೆ ಹುಡುಗನಿಗೆ ದಕ್ಕುವುದೇನು?

ಬ್ರೋಶರುಗಳಲ್ಲಿ "ನಾಯಕತ್ವ" ಎಂದಿರುತ್ತದೆ. ನನಗೆ ಆ ಪದದ ಮೇಲೆ ಅಷ್ಟು ನಂಬಿಕೆಯಿಲ್ಲ. ಕಂಡದ್ದನ್ನು ಹೇಳುತ್ತೇನೆ.

ಜನವರಿಯ ಒಂದು ಬೆಳಿಗ್ಗೆ, ಮೈನಸ್ ಇಪ್ಪತ್ತರ ಚಳಿ, ಆ ಮನೆಯ ಬಾಯ್ಲರ್ ನಿಂತುಹೋಗಿತ್ತು. ಇಪ್ಪತ್ತು ವರ್ಷದ ಹುಡುಗನೊಬ್ಬ ಟೋಪಿ ಕೂಡ ಇಲ್ಲದೆ ಹೊರಗೆ ನಿಂತು ಫೋನಿನಲ್ಲಿ ಪ್ಲಂಬರ್ ಜತೆ ಚೌಕಾಸಿ ಮಾಡುತ್ತಿದ್ದ. ಒಳಗೆ ನೀರಿನ ಪೈಪು ಒಡೆದರೆ ಮನೆಯೇ ಹಾಳು. ಹಳೆಯ ವಿದ್ಯಾರ್ಥಿಗಳ ಮಂಡಳಿಗೆ ಫೋನು, ಅಡುಗೆಯಾಕೆಗೆ ಬರಬೇಡಿ ಎಂದು ಫೋನು, ಹುಡುಗರಿಗೆಲ್ಲ ನಲ್ಲಿ ಸಣ್ಣಗೆ ತೊಟ್ಟಿಕ್ಕುವಂತೆ ಬಿಡಿ ಎಂದು ಸಂದೇಶ. ಅವತ್ತು ಹತ್ತು ಗಂಟೆಗೆ ಅವನಿಗೆ ಪರೀಕ್ಷೆ ಬೇರೆ. ನನ್ನ ಹತ್ತಿರ ಹೀಟರ್ ಕೇಳಲು ಬಂದಾಗ ಅವನ ಮುಖದಲ್ಲಿ ಹೆದರಿಕೆ ಎದ್ದು ಕಾಣುತ್ತಿತ್ತು. ಆದರೂ ಮಾಡುತ್ತಿದ್ದ. ಡಾರ್ಮಿನಲ್ಲಿದ್ದಿದ್ದರೆ ಅವನು ಮೇಂಟೆನೆನ್ಸಿಗೆ ಒಂದು ದೂರು ಬರೆದು ಹೊದ್ದು ಮಲಗುತ್ತಿದ್ದ.

ಬಾಕಿ ಕೊಡದ ಗೆಳೆಯನನ್ನು ಕೇಳುವುದೂ ಇದೇ ಜಾತಿಯ ಪಾಠ. ಖಜಾಂಚಿಯಾದವನು ತನ್ನ ರೂಮ್‌ಮೇಟ್ ಮೂರು ತಿಂಗಳಿಂದ ಹಣ ಕಟ್ಟಿಲ್ಲ ಎಂಬುದನ್ನು ಅವನ ಮುಖ ನೋಡಿ ಹೇಳಬೇಕು, ಅದೇ ರಾತ್ರಿ ಅವನ ಮೇಲಿನ ಮಂಚದಲ್ಲೇ ಮಲಗಬೇಕು. ಹಿಡಿಸದವನ ಪಕ್ಕದಲ್ಲಿ ಮೂರು ವರ್ಷ ಉಣ್ಣುವುದನ್ನು ಕಲಿಯಬೇಕು. ಅಪ್ಪ ಸತ್ತ ಸುದ್ದಿ ಬಂದ ಹುಡುಗನನ್ನು ರಾತ್ರೋರಾತ್ರಿ ಆರು ಗಂಟೆ ಕಾರು ಓಡಿಸಿ ಊರಿಗೆ ಮುಟ್ಟಿಸಿ ಬಂದ ಇಬ್ಬರನ್ನು ನಾನು ಬಲ್ಲೆ. ಅವರಿಬ್ಬರಲ್ಲಿ ಒಬ್ಬನಿಗೂ ಅವನಿಗೂ ಮಾತೇ ಇರಲಿಲ್ಲ.

ಒಂದೇ ತರದವರ ನಡುವೆ ಇದ್ದು ಮನಸ್ಸು ಚಿಕ್ಕದಾಗುವುದಿಲ್ಲವೇ?

ಇದು ಸರಿಯಾದ ಪ್ರಶ್ನೆ, ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಇಪ್ಪತ್ತನೇ ಶತಮಾನದ ಅರ್ಧದವರೆಗೂ ಅಮೆರಿಕದ ಅನೇಕ ಫ್ರಟರ್ನಿಟಿಗಳ ಕಟ್ಟಳೆಯಲ್ಲೇ ಬಿಳಿಯರಿಗೆ ಮಾತ್ರ ಎಂದು ಬರೆದಿತ್ತು. ಆ ಸಾಲುಗಳು ಅಳಿಸಿಹೋದರೂ ಗೋಡೆಯ ಮೇಲಿನ ಗ್ರೂಪ್ ಫೋಟೋಗಳು ಬೇಗ ಬದಲಾಗಲಿಲ್ಲ. ಲೂಥರನ್ ಮನೆಯಲ್ಲಿ ಜರ್ಮನ್ ಅಡ್ಡಹೆಸರುಗಳು ಈಗಲೂ ಧಾರಾಳ. ಹೊರಗಿಟ್ಟವರಿಂದ ನೊಂದು ಕಟ್ಟಿಕೊಂಡ ಮನೆಯೂ ಎರಡು ತಲೆಮಾರು ಕಳೆದರೆ ಇನ್ನೊಬ್ಬರನ್ನು ಹೊರಗಿಡಲು ಕಲಿಯುತ್ತದೆ. ಸಮುದಾಯದ ಹಾಸ್ಟೆಲುಗಳ ಚರಿತ್ರೆ ಬಲ್ಲ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಒಳಗೇ ಒಂದಿಷ್ಟು ವೈವಿಧ್ಯ ಇದೆ ಎನ್ನುವುದೂ ನಿಜ. 1988ರಲ್ಲಿ ಮೂರು ಸಂಸ್ಥೆಗಳು ಕೂಡಿ ಆದ ಅಮೆರಿಕದ ಇವ್ಯಾಂಜೆಲಿಕಲ್ ಲೂಥರನ್ ಚರ್ಚಿನಲ್ಲಿ ಹೆಂಗಸರೂ ಪಾದ್ರಿಗಳು. ಮಿಸ್ಸೌರಿ ಸಿನಡ್‌ನಲ್ಲಿ ಇಂದಿಗೂ ಇಲ್ಲ. ಎರಡೂ ಕಡೆಯ ಹುಡುಗರು ಒಂದೇ ಮೇಜಿನಲ್ಲಿ ಕೂತು ಈ ವಿಷಯಕ್ಕೆ ರಾತ್ರಿ ಎರಡರ ತನಕ ಜಗಳವಾಡುತ್ತಾರೆ. ಮನೆಯಲ್ಲಿ ಅಪ್ಪನ ಎದುರು ಆಡಲಾಗದ ಜಗಳ ಅದು.

ಹುಡುಗಿಯರಿಗೆ?

ಅವರದು ಸೊರಾರಿಟಿ. ಬೆರೆತು ಬಾಳುವ ಬಗೆಯ ಫ್ರಟರ್ನಿಟಿ, ಸೊರಾರಿಟಿಗಳು ಗಂಡಿಗೊಂದು, ಹೆಣ್ಣಿಗೊಂದು ಎಂದು ಬೇರೆಯಾಗಿರಲು 1972ರ ಲಿಂಗಸಮಾನತೆಯ ಕಾನೂನಿಗೆ ಆಮೇಲೆ ತಂದ ತಿದ್ದುಪಡಿ ಅವಕಾಶ ಕೊಟ್ಟಿದೆ. ಲೂಥರನ್ ಹುಡುಗಿಯರ ಫೈ ಬೀಟಾ ಕೈ 1978ರಲ್ಲಿ ಅದೇ ಇಲಿನಾಯ್ ಕ್ಯಾಂಪಸ್ಸಿನಲ್ಲಿ ಶುರುವಾಯಿತು.

ನಾವು ಹಿಂದೂಗಳು. ನಮ್ಮ ಹುಡುಗ ಸೇರಬಹುದೇ?

ಲೂಥರನ್ ಅಲ್ಲದ ಕ್ರೈಸ್ತ ಹುಡುಗರು ಇಂಥ ಮನೆಗಳಲ್ಲಿದ್ದಾರೆ. ಅದಕ್ಕೂ ಆಚೆಯವರ ವಿಷಯ ಆ ಮನೆಯನ್ನೇ ಕೇಳಬೇಕು. ಕೇಳುವುದರಲ್ಲಿ ಸಂಕೋಚ ಬೇಡ, ಮಿಡ್‌ವೆಸ್ಟಿನವರು ಸೌಜನ್ಯವಾಗಿಯೇ ಉತ್ತರ ಕೊಡುತ್ತಾರೆ. ನಾನು ಹುಡುಗನಿಗೆ ಹೇಳುವುದು ಇಷ್ಟು: ದೀಕ್ಷೆಯಲ್ಲಿ ಏನೆಂದು ಮಾತು ಕೊಡಬೇಕಾಗುತ್ತದೆ ಎಂದು ಮೊದಲೇ ಕೇಳಿಕೊ. ನಂಬದ್ದನ್ನು ನಂಬಿದ್ದೇನೆ ಎಂದು ಹೇಳಿ ಒಳಗೆ ಹೋಗಬೇಡ. ಅದು ಅವರಿಗೂ ಅಗೌರವ, ನಿನಗೂ ಅಗೌರವ.

ದಕ್ಷಿಣ ಏಷ್ಯಾದ ಹುಡುಗರು ಕಟ್ಟಿಕೊಂಡ ಫ್ರಟರ್ನಿಟಿಗಳೂ ಇವೆ. ಪೆನ್ಸಿಲ್ವೇನಿಯಾದಲ್ಲಿ 1996ರ ಸಿಗ್ಮ ಬೀಟಾ ರೋ, ಟೆಕ್ಸಸ್‌ನ ಆಸ್ಟಿನ್‌ನಲ್ಲಿ 1998ರ ಡೆಲ್ಟಾ ಎಪ್ಸಿಲಾನ್ ಸೈ, ಲಾಸ್ ಏಂಜಲೀಸ್‌ನಲ್ಲಿ 1999ರ ಬೀಟಾ ಕೈ ಥೀಟಾ. ಅರ್ಬಾನಾದ ಜರ್ಮನ್ ಹುಡುಗರು ಮಾಡಿದ್ದನ್ನೇ ಎಪ್ಪತ್ತು ವರ್ಷ ತಡವಾಗಿ ನಮ್ಮ ಮಕ್ಕಳು ಮಾಡಿದರು.

ಕರ್ನಾಟಕದಲ್ಲಿ ಲೂಥರನ್ನರು ಇದ್ದಾರೆಯೇ?

ಇದ್ದಾರೆ. ಮಿಸ್ಸೌರಿ ಸಿನಡ್‌ನ ಮಿಶನರಿಗಳು 1895ರಲ್ಲಿ ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕೆಲಸ ಶುರುಮಾಡಿದರು. ಅದರ ಬೇರು ಕೋಲಾರದ ಚಿನ್ನದ ಗಣಿಯ ಲೈನ್ ಮನೆಗಳ ತನಕ ಬಂತು. ಇಲಿನಾಯ್‌ನ ಹುಡುಗರಿಗೆ ಕೆಜಿಎಫ್ ಹೆಸರು ಹೇಳಿದರೆ ಕಣ್ಣರಳಿಸುತ್ತಾರೆ, ತಮ್ಮದೇ ಸಿನಡ್ ಅಲ್ಲಿತ್ತು ಎಂದು ಗೊತ್ತೇ ಇಲ್ಲ.

ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ ಲೂಥರನ್ ಮತ್ತು ರಿಫಾರ್ಮ್ಡ್ (ಕ್ಯಾಲ್ವಿನ್ ಕಡೆಯ ಪ್ರೊಟೆಸ್ಟೆಂಟ್ ಪಂಥ) ಎರಡೂ ಬೆರೆತದ್ದು. 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿದವರು. ಆ ಊರಿನಲ್ಲಿ 1536ರಿಂದ ಲೂಥರನ್ ವಿದ್ಯಾರ್ಥಿಗಳು ಇದ್ದು ಓದುವ ಒಂದು ಮನೆಯಿದೆ, ಖಗೋಳಜ್ಞ ಕೆಪ್ಲರ್, ತತ್ವಜ್ಞಾನಿ ಹೆಗೆಲ್ ಇಬ್ಬರೂ ಅಲ್ಲಿ ಉಂಡವರೇ. ಮಂಗಳೂರಿನ ಬಲ್ಮಠದ ಬೋರ್ಡಿಂಗಿನಲ್ಲಿ ಗಂಟೆ ಹೊಡೆದರೆ ಸಾಲಾಗಿ ನಿಂತು ಗಂಜಿಗೆ ಮುಂಚೆ ಪ್ರಾರ್ಥನೆ ಹೇಳುತ್ತಿದ್ದ ಕತೆಯನ್ನು ನಮ್ಮಜ್ಜ ಎಷ್ಟೋ ಸಲ ಹೇಳಿದ್ದಾರೆ. ಅವರೂ ಆದಷ್ಟು ಬೇಗ ಹೇಳಿ ಮುಗಿಸುತ್ತಿದ್ದರಂತೆ.

ಓದು ಮುಗಿದ ಮೇಲೂ ಸಂಬಂಧ ಉಳಿಯುತ್ತದೆಯೇ?

ಕೆಲಸ ಕೊಡಿಸಲು ಇದು ಸಹಾಯವಾಗುತ್ತದೆ ಎನ್ನುತ್ತಾರೆ, ಆಗುತ್ತದೆ ಕೂಡ. ನನಗೆ ಕಾಣುವುದು ಅಕ್ಟೋಬರಿನ ಹೋಮ್‌ಕಮಿಂಗ್ ಶನಿವಾರ, ಹಳೆಯ ವಿದ್ಯಾರ್ಥಿಗಳು ಮರಳಿ ಬರುವ ದಿನ. ಎಂಬತ್ತು ದಾಟಿದ ರೈತರು ಮೊಮ್ಮಕ್ಕಳ ಕೈಹಿಡಿದು ಮೆಟ್ಟಿಲು ಹತ್ತಿ, ಗೋಡೆಯ ಫೋಟೋಗಳಲ್ಲಿ ತಮ್ಮ ಹದಿನೆಂಟರ ಮುಖವನ್ನು ಬೆರಳಿಟ್ಟು ಹುಡುಕುತ್ತಾರೆ. ಆಮೇಲೆ ಬಚ್ಚಲುಮನೆ ಇನ್ನೂ ಸೋರುತ್ತಿದೆಯೇ ಎಂದು ವಿಚಾರಿಸಿ ಚೆಕ್ಕು ಬರೆಯುತ್ತಾರೆ.

ಮನೆ ನೋಡಲು ಹೋದಾಗ ಏನು ಗಮನಿಸಬೇಕು?

ಮುಂದಿನ ಹಜಾರ ತೋರಿಸುತ್ತಾರೆ, ಟ್ರೋಫಿ ತೋರಿಸುತ್ತಾರೆ. ನೋಡಿ, ಹೊಗಳಿ. ಆಮೇಲೆ ನೀರು ಬೇಕೆಂದು ಅಡುಗೆಮನೆಗೆ ಹೋಗಿ. ತೊಟ್ಟಿಯಲ್ಲಿ ಪಾತ್ರೆ ಎಷ್ಟಿದೆ, ಸರದಿಯ ಪಟ್ಟಿಯಲ್ಲಿ ಮೇಲಿನ ವರ್ಷದವರ ಹೆಸರೂ ಇದೆಯೇ ಅಥವಾ ಚಿಕ್ಕವರದು ಮಾತ್ರವೇ ನೋಡಿಕೊಳ್ಳಿ. ಫ್ರಿಜ್ಜಿನ ಪಕ್ಕದಲ್ಲಿ ಲೇಟ್ ಪ್ಲೇಟಿನ ಚೀಟಿ ಇರಬೇಕು. ಅದರ ಮೇಲಿನ ತಾರೀಕು ಓದಿ. ಹೋದ ಸೆಮಿಸ್ಟರಿನದಾಗಿದ್ದರೆ ಸುಮ್ಮನೆ ನೀರು ಕುಡಿದು ಬನ್ನಿ.